ಜೀಪು ನಿಂತಲ್ಲೇ ಕೆರೆ

ನಾನು ಹೋದಲ್ಲೆಲ್ಲ ನೀರು ಸಿಕ್ಕಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಫಜೀತಿ ಸಿಗದೆ ಬರಿಗೈಯಲ್ಲಿ ವಾಪಸು ಬಂದ ದಿನ ಒಂದೂ ಇಲ್ಲ.

ನನ್ನ ಕಸುಬೇ ಅಂಥದ್ದು. ಮಳೆಗಾಲದಲ್ಲಿ ತೋಯ್ದು ತೊಪ್ಪೆಯಾಗಿ ಬೇಸಿಗೆಯಲ್ಲಿ ಬಾಯಾರುವ ಊರುಗಳಲ್ಲಿ ಸಣ್ಣ ಕೆರೆ ಕಟ್ಟಲು ಜಾಗ ಹುಡುಕುವುದು. ಠಾಣೆ ಶಹರದ ಒಂದು ಖಾಸಗಿ ಸರ್ವೇ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇದನ್ನೇ ಮಾಡುತ್ತ ಬಂದಿದ್ದೇನೆ. ಮನೆ ಠಾಕುರ್ಲಿಯಲ್ಲಿ, ಹುಟ್ಟೂರು ಉಡುಪಿಯ ಹತ್ತಿರ.

ಇಲ್ಲಿ ಹೇಳುವುದೆಲ್ಲ ಒಂದೇ ಒಂದು ಕೆರೆಯ ಹಿಂದೆ ಬಿದ್ದ ಕಾಲದ್ದು. ಕಲ್ಯಾಣ ದಾಟಿ ಮುರ್ಬಾಡದ ಕಡೆ ಹೋದರೆ ಗುಡ್ಡದ ಮೇಲೊಂದು ಪಾಡಾ ಸಿಗುತ್ತದೆ. ಪಾಡಾ ಅಂದರೆ ನಲವತ್ತು ಮನೆಯ ಕೇರಿ. ಮಳೆಗಾಲದಲ್ಲಿ ಅಲ್ಲಿ ಕೊಡೆ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಆ ನೀರೆಲ್ಲ ಗುಡ್ಡ ಇಳಿದು, ಅಣೆಕಟ್ಟು ಸೇರಿ, ಪೈಪು ಹತ್ತಿ, ನಮ್ಮ ಕಡೆಯ ಬಚ್ಚಲುಮನೆಗಳಿಗೆ ಬರುತ್ತದೆ. ಹೋಳಿ ಹತ್ತಿರ ಬಂತೆಂದರೆ ಪಾಡಾದ ಹೆಂಗಸರು ಕೊಡ ಹೊತ್ತು ಗುಡ್ಡ ಇಳಿಯುತ್ತಾರೆ. ಹಳ್ಳದ ಮರಳು ತೋಡಿ, ಬಟ್ಟಲಿನಲ್ಲಿ ನೀರು ಮೊಗೆದು, ತುಂಬಿಸಿಕೊಂಡು ಮತ್ತೆ ಹತ್ತುತ್ತಾರೆ. ಅವರಿಗೆ ಒಂದು ಕೆರೆ ಮಂಜೂರಾಗಿತ್ತು. ಹೋಳಿಯೊಳಗೆ ಜಾಗ ಗೊತ್ತುಮಾಡಿ ಫೈಲು ಕಳಿಸದಿದ್ದರೆ ಅದು ಬೇರೆ ತಾಲೂಕಿನ ಪಾಲಾಗುತ್ತಿತ್ತು.

ಜಾಗ ಹುಡುಕಲು ನಾವು ನಾಲ್ಕು ಜನ. ಒಬ್ಬರು ನಮ್ಮ ಸಾಹೇಬರು. ಠಾಣೆಯ ಮರಾಠಿ ಗೃಹಸ್ಥರು, ಮಂಡಿ ನೋವು ಇದೆ, ದೇವರ ಭಯವೂ ಇದೆ. ಇನ್ನೊಬ್ಬಳು ಲ್ಯಾಪ್‌ಟಾಪ್ ಹೊತ್ತ ಹುಡುಗಿ, ಹೊಸ ಎಂಜಿನಿಯರ್. ತಂದೆತಾಯಿ ವಿಜಯಪುರದವರು, ಅವಳು ಹುಟ್ಟಿದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೂರನೆಯವನು ಡ್ರೈವರ್, ಕಲ್ಯಾಣದ ಪಕ್ಕದ ಶಹಾಡಿನವನು. ನಾಲ್ಕನೆಯವನು ನಾನು.

೧. ಖಾಲಿ ಟಾಂಕಿ

ಕಲ್ಯಾಣ ಸ್ಟೇಷನ್ನಿನ ಹೊರಗೆ ನಮ್ಮೂರಿನವರದೊಂದು ಹೋಟೆಲ್ ಇದೆ. ಒಂದು ಬೆಳಿಗ್ಗೆ ಜೀಪಿಗಾಗಿ ಕಾಯುತ್ತ ಅಲ್ಲಿ ಕೂತಿದ್ದೆ. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದವರೇ ಕೇಳದೆ ಎರಡು ಬನ್ಸ್ ತರಿಸಿದರು. ಆಮೇಲೆ ಕಾಫಿ ತರಿಸಿದರು. ನಮ್ಮೂರಿನವರು ಕೇಳದೆ ಎರಡು ಐಟಂ ತರಿಸಿದರೆ ಮೂರನೆಯದಾಗಿ ಏನೋ ಕೆಲಸ ಬರುತ್ತದೆ ಎಂದು ನನಗೆ ಗೊತ್ತು.

"ಒಂದು ನಿಮಿಷ ಹಿಂದೆ ಬನ್ನಿ ಮಾರಾಯ್ರೆ" ಎಂದು ಕರೆದುಕೊಂಡು ಹೋದರು. ಅಡುಗೆಮನೆಯ ಹಿಂದಿನ ಓಣಿಯಲ್ಲಿ ನಿಲ್ಲಿಸಿ, ಜುಟ್ಟಿರುವ ತೆಂಗಿನಕಾಯಿ ಒಂದನ್ನು ನನ್ನ ಅಂಗೈ ಮೇಲೆ ಮಲಗಿಸಿದರು. "ಸ್ವಲ್ಪ ಅತ್ತ ಇತ್ತ ನಡೀರಿ. ಕಾಯಿ ಎಲ್ಲಿ ಎದ್ದು ನಿಲ್ತದೆ ನೋಡುವ. ಬೋರ್ ಹೊಡೆಸ್ಬೇಕಂತ ಉಂಟು."

"ಅದು ನೀರು ನೋಡುವವರ ಕೆಲಸ. ನಂದು ಬೇರೆ" ಎಂದೆ.

"ನಿಮ್ಮದು ನೀರಿನ ಕೆಲಸವೇ ಅಂತ ಎಲ್ರೂ ಹೇಳ್ತಾರಲ್ಲ?"

"ನೀರಿನದ್ದೇ. ಆದ್ರೆ ನಾನು ನೀರು ಹುಡುಕುವವನಲ್ಲ. ನೀರು ಇಡ್ಲಿಕ್ಕೆ ಜಾಗ ಹುಡುಕುವವ."

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಆಮೇಲೆ ಟೆರೇಸಿನ ಕಡೆ ಬೆರಳು ತೋರಿಸಿದರು. "ಅಷ್ಟಕ್ಕೆ ಗುಡ್ಡ ಯಾಕೆ ಹತ್ತುದು? ಮೇಲೆ ನಾಲ್ಕು ಟಾಂಕಿ ಉಂಟು, ನಾಲ್ಕೂ ಖಾಲಿ. ಯಾವ್ದು ಬೇಕು ಹೇಳಿ."

೨. ನೀಲಿ ನೀರು

ನಮ್ಮ ಹುಡುಗಿ ಉಪಗ್ರಹದ ಚಿತ್ರ ನೋಡಿ ನೀರು ಗುರುತಿಸುವುದರಲ್ಲಿ ಚುರುಕು. ಒಂದು ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿಬಂದಳು. ಪಾಡಾದಿಂದ ಎರಡು ಗುಡ್ಡ ಆಚೆ, ಬೋಳು ಬಯಲಿನ ಮಧ್ಯೆ, ಚೌಕಾಕಾರದ ನೀಲಿ. "ಸರ್, ಮೇ ಮಹೀನೇ ಕೀ ಇಮೇಜ್ ಹೈ. ಮೇ ಮೇಂ ಭೀ ಪಾನಿ!"

ಮೇ ತಿಂಗಳಲ್ಲೂ ನೀರು ನಿಲ್ಲುವ ಜಾಗ! ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಅದು ಹಳೆಯ ಕೆರೆಯಾದರೆ ಹೊಸದನ್ನು ಕಟ್ಟುವುದೇ ಬೇಡ, ಹೂಳೆತ್ತಿ ಪೈಪು ಎಳೆದರೆ ಸಾಕು. "ನೀವು ಮೂವರೂ ಈಗಲೇ ಹೊರಡಿ" ಎಂದರು. ಮಂಡಿ ನೋವಿನವರು ಇಂಥ ಆಜ್ಞೆಗಳನ್ನು ಬಹಳ ಉತ್ಸಾಹದಿಂದ ಕೊಡುತ್ತಾರೆ.

ಬಿಸಿಲಿನಲ್ಲಿ ಮೂರು ಗಂಟೆ ಜೀಪು ಕುಣಿಯಿತು. ಗುಡ್ಡದ ತಿರುವಿನಲ್ಲಿ ನೀಲಿ ಕಾಣಿಸಿತು. ಜೊತೆಗೆ ಬ್ಯಾಂಡಿನ ಸದ್ದೂ ಕೇಳಿಸಿತು. ಹತ್ತಿರ ಹೋದರೆ ಅದು ಮಂಗಲ ಕಾರ್ಯಾಲಯ. ಮದುವೆ ಹಾಲ್. ಮೇಲೆ ಅಷ್ಟಗಲಕ್ಕೂ ನೀಲಿ ಬಣ್ಣದ ತಗಡಿನ ಶೀಟು.

ಹಿಂದೆ ತಿರುಗಬೇಕು ಅನ್ನುವಷ್ಟರಲ್ಲಿ ಹೆಣ್ಣಿನ ಕಡೆಯವರು ಜೀಪನ್ನು ಸುತ್ತುವರಿದರು. ಗಂಡಿನ ಕಡೆಯ ಯಾರೋ ಸಾಹೇಬರು ಠಾಣೆಯಿಂದ ಬರುವವರಿದ್ದರಂತೆ. "ಯಾ, ಯಾ", ಬನ್ನಿ ಬನ್ನಿ ಎಂದು ಕೈಹಿಡಿದು ಇಳಿಸಿದರು. ನಾನು ಬಾಯಿ ತೆರೆಯುವ ಮೊದಲೇ ತಲೆಗೆ ಬಿಳಿ ಟೋಪಿ, ಹೆಗಲಿಗೆ ಟವೆಲ್, ಕೈಗೆ ತೆಂಗಿನಕಾಯಿ ಬಂದಿತ್ತು. ಡ್ರೈವರ್ ಆಗಲೇ ಟೋಪಿ ಹಾಕಿಕೊಂಡು ಪಂಕ್ತಿಯಲ್ಲಿ ಕೂತಿದ್ದ. ಸತ್ಯ ಹೇಳಲು ನನಗೆ ಎರಡು ಅವಕಾಶ ಸಿಕ್ಕಿದವು. ಒಂದು ಜಿಲೇಬಿಗೆ ಮೊದಲು, ಒಂದು ಜಿಲೇಬಿ ಆದಮೇಲೆ. ಎರಡನ್ನೂ ಬಿಟ್ಟುಬಿಟ್ಟೆ.

ಅಷ್ಟರಲ್ಲಿ ಸಾಹೇಬರ ಫೋನು. "ಏನಾಯಿತು? ನೀರು ಸಿಕ್ಕಿತೇ?"

"ಸಿಕ್ಕಿತು ಸಾರ್" ಎಂದೆ. "ಊಟದ ಜೊತೆ ಒಬ್ಬೊಬ್ಬರಿಗೆ ಒಂದೊಂದು ಬಾಟ್ಲಿ."

೩. ನಂಬರ್ ಒನ್

ಆ ಅವಮಾನದಿಂದ ಹುಡುಗಿ ಎರಡು ದಿನ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಮೂರನೆಯ ದಿನ ಹೊಸ ಸಾಫ್ಟ್‌ವೇರ್ ತಂದಳು. ನೆಲದ ಇಳಿಜಾರು, ಮಣ್ಣು, ಮಳೆ ನೀರು ಹರಿಯುವ ದಾರಿ, ರಸ್ತೆ ಎಲ್ಲ ತುಂಬಿಸಿದರೆ ಯಾವ ಜಾಗದಲ್ಲಿ ನೀರು ಚೆನ್ನಾಗಿ ನಿಲ್ಲುತ್ತದೆ ಎಂದು ಅದೇ ನಂಬರು ಕೊಡುತ್ತದಂತೆ. ಪಾಡಾದ ಗುಡ್ಡಕ್ಕೆ ಮಾತ್ರ ಲೆಕ್ಕ ಹಾಕಬೇಕಿತ್ತು. ಅವಸರದಲ್ಲಿ ಅವಳು ಇಡೀ ಜಿಲ್ಲೆಯನ್ನೇ ತುಂಬಿಸಿದ್ದಳು. ಕಂಪ್ಯೂಟರ್ ಊಟದ ಹೊತ್ತಿನವರೆಗೆ ಯೋಚಿಸಿ ಉತ್ತರ ಕೊಟ್ಟಿತು.

ಮೊದಲನೇ ನಂಬರಿನ ಜಾಗ ಗುಡ್ಡದಲ್ಲಿರಲಿಲ್ಲ. ರೈಲ್ವೆ ಹಳಿಯ ಪಕ್ಕದಲ್ಲಿತ್ತು. ಎಲ್ಲ ಕಡೆಯಿಂದ ನೀರು ಹರಿದು ಬರುತ್ತದೆ, ಎಲ್ಲಿಗೂ ಹೋಗುವುದಿಲ್ಲ, ನೆಲ ಒಂದು ಹನಿ ಇಂಗಿಸುವುದಿಲ್ಲ, ರಸ್ತೆ ಬಾಗಿಲಿಗೇ ಇದೆ. ನೂರಕ್ಕೆ ತೊಂಬತ್ತೆಂಟು ಮಾರ್ಕು.

"ಜಾಗ ನೋಡಿದ್ದೀರಾ? ಹೇಗಿದೆ?" ಸಾಹೇಬರು ಕೇಳಿದರು.

ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. "ಚೆನ್ನಾಗಿದೆ ಸಾರ್. ಎರಡನೇ ಮಹಡಿಯಲ್ಲಿ ನಾನೇ ಇದ್ದೇನೆ."

ಅದು ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿ. ಕಂಪ್ಯೂಟರಿನದೇನೂ ತಪ್ಪಿಲ್ಲ. ಪ್ರತಿ ಜುಲೈಯಲ್ಲಿ ನಮ್ಮ ಪಾರ್ಕಿಂಗ್‌ನಲ್ಲಿ ಸ್ಕೂಟರುಗಳು ಕನ್ನಡಿಯವರೆಗೆ ಮುಳುಗಿ ನಿಂತಿರುತ್ತವೆ. ಪ್ರತಿ ಏಪ್ರಿಲ್‌ನಲ್ಲಿ ಅದೇ ಪಾರ್ಕಿಂಗ್‌ಗೆ ನೀರಿನ ಟ್ಯಾಂಕರ್ ಬರುತ್ತದೆ.

ಸಂಜೆ ಹೆಂಡತಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. ಒಗ್ಗರಣೆ ಸೌಟು ಕೆಳಗಿಟ್ಟು ತಿರುಗಿ ನಿಂತಳು. "ಕಂಪ್ಯೂಟರಿಗೆ ಅರ್ಧ ದಿನದಲ್ಲಿ ಗೊತ್ತಾದದ್ದು, ಇಷ್ಟು ವರ್ಷ ಅದೇ ಕೆಲಸ ಮಾಡುವ ನಿಮಗೆ ಫ್ಲ್ಯಾಟ್ ತೆಗೊಳ್ಳುವಾಗ ಗೊತ್ತಾಗ್ಲಿಲ್ವಾ?"

೪. ಎಮ್ಮೆಗೆ ಕಾಲಂ ಇಲ್ಲ

ಕೊನೆಗೆ ಸಾಹೇಬರೇ ಹೊರಟರು. ಹೋಳಿಗೆ ಮೂರು ವಾರ ಇತ್ತು.

ನಮ್ಮ ಆಫೀಸಿನಲ್ಲಿ ಬರೆದಿಡದ ಒಂದು ನಿಯಮವಿದೆ. ಜೀಪು ಎಲ್ಲಿಯವರೆಗೆ ಹೋಗುತ್ತದೋ ಕೆರೆಗೆ ಯೋಗ್ಯವಾದ ಭೂಮಿಯೂ ಅಲ್ಲಿಯವರೆಗೇ ಇರುತ್ತದೆ. ಜೀಪು ನಿಂತ ಮೇಲೆ ಸಾಹೇಬರು ಇಳಿಯುತ್ತಾರೆ, ಸೊಂಟಕ್ಕೆ ಕೈಯಿಟ್ಟು ನಾಲ್ಕೂ ಕಡೆ ನೋಡುತ್ತಾರೆ, "ಛಾನ್ ಆಹೇ" ಅನ್ನುತ್ತಾರೆ, ಚೆನ್ನಾಗಿದೆ ಅಂತ. ಮುಗಿಯಿತು. ಎಲ್ಲರೂ ಕಲ್ಯಾಣಕ್ಕೆ ಬಂದು ಐದು ನಲವತ್ತರ ಲೋಕಲ್ ರೈಲು ಹಿಡಿಯಬೇಕು. ಆಮೇಲಿನದರಲ್ಲಿ ಸೀಟು ಸಿಗುವುದಿಲ್ಲ.

ಅಂದು ಪಾಡಾದ ಕೆಳಗಿನ ಒಂದು ತಗ್ಗಿನ ಹತ್ತಿರ ಜೀಪು ನಿಂತಿತು. ಸಾಹೇಬರು ಇಳಿದು "ಛಾನ್ ಆಹೇ" ಎಂದರು. ಅಷ್ಟರಲ್ಲಿ ಗುಡ್ಡದಿಂದ ಒಬ್ಬರು ಮುದುಕಿ ಇಳಿದು ಬಂದರು. ತಲೆಯ ಮೇಲೆ ಎರಡು ಖಾಲಿ ಕೊಡ. ಊರಿನವರೆಲ್ಲ ಅವರನ್ನು ಆಜಿ ಅನ್ನುತ್ತಿದ್ದರು, ಮರಾಠಿಯಲ್ಲಿ ಅಜ್ಜಿಗೆ ಹಾಗೆಯೇ ಕರೆಯುವುದು. ನಾವೂ ಹಾಗೆಯೇ ಕರೆದೆವು. ಸಾಹೇಬರಿರಲಿ, ಡ್ರೈವರಿರಲಿ, ಅವರು ಎಲ್ಲರಿಗೂ "ನೀನು" ಅನ್ನುವವರು.

"ನಿಂದು ಯಾವ ಊರು?" ಎಂದು ನನ್ನನ್ನು ಕೇಳಿದರು.

"ಠಾಕುರ್ಲಿ, ಡೊಂಬಿವಲಿ ಹತ್ತಿರ."

"ಹಾಂ, ನಮ್ಮ ನೀರು ಹೋಗುವ ಕಡೆ. ಹೇಗಿದೆ, ಚೆನ್ನಾಗಿದೆಯಾ ಅಲ್ಲಿ?" ಮದುವೆ ಮಾಡಿಕೊಟ್ಟ ಮಗಳ ಸಮಾಚಾರ ವಿಚಾರಿಸುವ ಹಾಗೆ ಕೇಳಿದರು. ಚೆನ್ನಾಗಿದೆ ಎಂದೆ.

ಆಜಿ ಕೊಡ ಇಳಿಸಿ ಸಾಹೇಬರ ಕಡೆ ತಿರುಗಿದರು. "ಇಲ್ಲಿ ಕಟ್ಟಬೇಡ ಸಾಯೇಬ. ಕೆಳಗೆ ಕಲ್ಲು ಬಿರುಕು ಬಿಟ್ಟಿದೆ. ಈ ತಗ್ಗಿನಲ್ಲಿ ಎಮ್ಮೆಗಳು ದಸರೆಯವರೆಗೆ ಹೊರಳುತ್ತವೆ, ದೀಪಾವಳಿಗೆ ಧೂಳು. ಮೇಲೆ ಕರವಂದದ ಮುಳ್ಳುಪೊದೆಗಳ ಹಿಂದೆ ಇನ್ನೊಂದು ತಗ್ಗಿದೆ. ಅದರಲ್ಲಿ ಹೋಳಿಯವರೆಗೂ ಹೊರಳುತ್ತವೆ. ಈಗಲೂ ಹೊರಳುತ್ತಿವೆ, ಬಾ ತೋರಿಸುತ್ತೇನೆ. ಅರ್ಧ ಗಂಟೆ ಹತ್ತಬೇಕು."

ಅರ್ಧ ಗಂಟೆ ಎಂದದ್ದೇ ತಡ, ಸಾಹೇಬರು ಗಡಿಯಾರ ನೋಡಿದರು. ನಾನೂ ನೋಡಿದೆ. ಹುಡುಗಿಯೂ ನೋಡಿದಳು.

"ಆಜಿ, ಇದಕ್ಕೆಲ್ಲ ಸರ್ಕಾರಿ ಫಾರ್ಮು ಇರುತ್ತದೆ" ಎಂದು ಸಾಹೇಬರು ಸಮಾಧಾನದಿಂದ ವಿವರಿಸಿದರು. "ಮಣ್ಣು, ಇಳಿಜಾರು, ಮಳೆ, ಎಲ್ಲಕ್ಕೂ ಕಾಲಂ ಇದೆ. ಎಮ್ಮೆಗೆ ಕಾಲಂ ಇಲ್ಲ."

"ನಾನಾದರೂ ಇದ್ದೀನಾ ಆ ಕಾಗದದಲ್ಲಿ?"

"ಇದ್ದೀರಿ. ಫಲಾನುಭವಿ ಅಂತ ಇದ್ದೀರಿ."

"ಹಾಗಾದರೆ ನನ್ನ ಹೆಸರು ಹೊಡೆದುಹಾಕಿ ಎಮ್ಮೆದು ಬರಕೋ" ಎಂದರು ಆಜಿ. "ನಮ್ಮಿಬ್ಬರಲ್ಲಿ ನೀರು ಎಲ್ಲಿದೆ ಅಂತ ಗೊತ್ತಿರುವುದು ಅದಕ್ಕೆ."

ಡ್ರೈವರ್ ಗಟ್ಟಿಯಾಗಿ ನಕ್ಕ. ನನಗೆ ನಗು ಬರಲಿಲ್ಲ. ಆಜಿ ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಅಲ್ಲಿಯೇ ಅನ್ನಿಸಿತ್ತು. ಇಷ್ಟು ವರ್ಷ ಕಲ್ಲು ನೋಡಿದವನಿಗೆ ಅಷ್ಟು ತಿಳಿಯುತ್ತದೆ. ಆದರೂ ಬಾಯಿ ಬಿಡಲಿಲ್ಲ, ಐದು ನಲವತ್ತರ ಲೋಕಲ್ ನನಗೂ ಬೇಕಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಜಿ ಕೊಡ ಎತ್ತಿ ತಲೆಗಿಟ್ಟುಕೊಂಡು ಹಳ್ಳದ ಕಡೆ ಇಳಿದು ಹೋದರು.

೫. ಕೇಸರಿ ಕಲ್ಲು

ಜಾಗ ಗೊತ್ತಾದ ಮೇಲೆ ಒಂದು ದೊಡ್ಡ ಕಲ್ಲಿಗೆ ಬಣ್ಣ ಹಚ್ಚಿ ಗುರುತು ಮಾಡುವುದು ಪದ್ಧತಿ. ನಮ್ಮದು ಕೆಂಪು ಬಣ್ಣ. ಅಂದು ಕೆಂಪು ಡಬ್ಬಿ ಮುಗಿದಿತ್ತು. ಡ್ರೈವರ್ ಮನೆಯ ಕಿಟಕಿಗೆ ಬಳಿದು ಉಳಿದಿದ್ದ ಕೇಸರಿ ಬಣ್ಣದ ಡಬ್ಬಿ ಜೀಪಿನಲ್ಲಿತ್ತು. ಯಾವುದಾದರೇನು ಎಂದು ತಗ್ಗಿನ ನಡುವೆ ಇದ್ದ ಉರುಟು ಕಲ್ಲಿಗೆ ನಾನೇ ಕೈಯಾರೆ ಬಳಿದೆ. ಡಬ್ಬಿ ಹಳೆಯದಾಗಿ ಬಣ್ಣ ಗಟ್ಟಿಯಾಗಿತ್ತು, ದಪ್ಪಗೆ ಮೆತ್ತಿಕೊಂಡಿತು.

ನಮ್ಮೂರಿನಲ್ಲಿ ದೇವರ ಕಲ್ಲು ಕಪ್ಪಗಿರುತ್ತದೆ, ಮೇಲೆ ಒಂದಿಷ್ಟು ಎಣ್ಣೆ ಮತ್ತು ಹೂವು. ಈ ಕಡೆ ಹಾಗಲ್ಲ. ಕಲ್ಲಿಗೆ ಕೇಸರಿ ಸಿಂಧೂರ ಮೆತ್ತಿದರೆ ಅದು ದೇವರು. ಇಷ್ಟು ವರ್ಷ ದಾರಿಯುದ್ದಕ್ಕೂ ಅಂಥ ದೇವರುಗಳನ್ನು ನೋಡುತ್ತ ಓಡಾಡಿದವನಿಗೆ ಕೈಯಲ್ಲಿ ಬ್ರಷ್ ಇರುವಾಗ ಅದು ಹೊಳೆಯಲೇ ಇಲ್ಲ.

ಎಂಟು ದಿನ ಬಿಟ್ಟು ಕೊನೆಯ ಅಳತೆಗೆ ಹೋದೆವು. ಕಲ್ಲಿನ ಮುಂದೆ ಒಡೆದ ತೆಂಗಿನಕಾಯಿ, ಚೆಂಡುಹೂವಿನ ಮಾಲೆ, ಊದುಬತ್ತಿ, ಕೋಲಿಗೆ ಕಟ್ಟಿದ ಪತಾಕೆ. ಕಲ್ಲಿಗೆ ಎರಡು ಬೆಳ್ಳಿ ಕಣ್ಣು ಬೇರೆ ಅಂಟಿಸಿದ್ದರು. ಪಾಡಾದ ಹೆಂಗಸರೆಲ್ಲ ಸೆರಗು ಹೊದ್ದು ಕೂತಿದ್ದರು, ಎಲ್ಲರಿಗಿಂತ ಮುಂದೆ ಆಜಿ.

ಸಾಹೇಬರು ಜೀಪಿನಿಂದ ಇಳಿದವರು ಅಲ್ಲಿಯೇ ಬೂಟು ಬಿಚ್ಚಿದರು. "ಯಾವ ದೇವರು?"

"ಜಲದೇವಿ. ಹೋದ ಮಂಗಳವಾರ ಪ್ರಕಟವಾದಳು" ಎಂದರು ಆಜಿ. ನಾನು ಬಣ್ಣ ಬಳಿದದ್ದು ಸೋಮವಾರ.

ಹುಡುಗಿ ನನ್ನ ಕಿವಿಯ ಹತ್ತಿರ ಬಂದಳು. "ಸರ್, ಯೇ ತೋ ಅಪನಾ ಮಾರ್ಕಿಂಗ್ ಹೈ!" ಸುಮ್ಮನಿರು ಎಂದು ಕಣ್ಣಿನಲ್ಲೇ ಗದರಿಸಿದೆ. ಹಿಂದಿನ ಸಲ ಸುಮ್ಮನಿದ್ದು ಮಾಡಿದ ಪಾಪವನ್ನು ಈ ಸಲ ಸುಮ್ಮನಿದ್ದೇ ತೊಳೆದುಕೊಳ್ಳುವ ಅವಕಾಶ ಬಂದಿತ್ತು.

ಸಾಹೇಬರ ಹಣೆಯಲ್ಲಿ ಬೆವರು. ಇಲ್ಲಿ ಕೆರೆಯಾದರೆ ದೇವಿ ಮುಳುಗುತ್ತಾಳೆ. ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎರಡು ಸಂಬಂಧ ಆಗಲೇ ತಪ್ಪಿಹೋಗಿವೆ. "ದೇವಿಯನ್ನು ಬೇರೆ ಕಡೆ ಸ್ಥಾಪನೆ ಮಾಡಬಹುದಾ, ಸ್ವಲ್ಪ ಕೇಳಿ ನೋಡಿ ಆಜಿ" ಎಂದರು.

ಆಜಿ ಕಣ್ಣು ಮುಚ್ಚಿದರು. ಎಲ್ಲರೂ ಕಾದೆವು. ಒಂದು ಕಣ್ಣು ತೆರೆದು ಸಾಹೇಬರ ಮುಖ ನೋಡಿ ಮತ್ತೆ ಮುಚ್ಚಿದರು. ಆಮೇಲೆ ಹೇಳಿದರು: "ಅವಳು ಇಲ್ಲಿಂದ ಏಳುವುದಿಲ್ಲವಂತೆ. ಕೆರೆಯನ್ನೇ ಮೇಲೆ ಕಟ್ಟಬೇಕಂತೆ. ಕರವಂದದ ಪೊದೆಯ ಹಿಂದೆ, ಎಮ್ಮೆ ಹೊರಳುವಲ್ಲಿ."

ದೇವಿಗೂ ಎಮ್ಮೆಯ ವಿಷಯ ಗೊತ್ತಿತ್ತು!

ಸಾಹೇಬರು ಹತ್ತಿದರು. ಮಂಡಿ ಹಿಡಿದುಕೊಂಡು, ನಾಲ್ಕು ಕಡೆ ಕೂತು, ಡ್ರೈವರನ ಹೆಗಲ ಮೇಲೆ ಭಾರ ಹಾಕಿ, ಅಂತೂ ಹತ್ತಿದರು. ಮೇಲೆ ನಿಜವಾಗಿಯೂ ಐದು ಎಮ್ಮೆಗಳು ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವು. ಪಕ್ಕದಲ್ಲಿ ಗುಂಡಿ ತೋಡಿ, ನೀರು ತುಂಬಿಸಿ, ಇಳಿಯುತ್ತದೆಯೇ ಎಂದು ಕಾದು ಕೂತೆವು. ಅಂದು ಯಾರೂ ಗಡಿಯಾರ ನೋಡಲಿಲ್ಲ. ನೀರು ಬೆರಳಿನ ಅಗಲವೂ ಇಳಿಯಲಿಲ್ಲ. ಐದು ನಲವತ್ತರ ಲೋಕಲ್ ತಪ್ಪಿತು. ಸಾಹೇಬರು ಕಲ್ಯಾಣದಿಂದ ಠಾಣೆಯವರೆಗೆ ಒಂಟಿಕಾಲಿನಲ್ಲಿ ನಿಂತು ಬಂದರು.

ಹೋಳಿಗೆ ನಾಲ್ಕು ದಿನ ಇರುವಾಗ ಫೈಲು ಹೋಯಿತು. ಜಾಗ ಬದಲಾಯಿಸಿದ ಕಾರಣ ಕೊಡಬೇಕಲ್ಲ? ಸಾಹೇಬರು ತಮ್ಮ ಕೈಯಿಂದಲೇ ಬರೆದರು: "ಸ್ಥಳೀಯ ಪಾರಂಪರಿಕ ಜಲಸೂಚಕಗಳ ದೀರ್ಘಕಾಲದ ವರ್ತನೆಯನ್ನು ಪರಿಶೀಲಿಸಿ." ಐದು ಎಮ್ಮೆಗಳಿಗೆ ಕೊನೆಗೂ ಕಾಲಂ ಸಿಕ್ಕಿತು.

೬. ಪೇಡೆ

ಮುಂದಿನ ವರ್ಷ ಹೋಳಿ ಕಳೆದ ಮೇಲೆ ಸಾಹೇಬರು ನನ್ನನ್ನು ಕರೆದರು. ಮಗಳಿಗೆ ಸಂಬಂಧ ಕೂಡಿಬಂದಿತ್ತು. ಜಲದೇವಿಗೆ ಹರಕೆ ಹೊತ್ತಿದ್ದರಂತೆ. ಒಂದು ಕಿಲೋ ಪೇಡೆ, ಐದು ತೆಂಗಿನಕಾಯಿ ಹಿಡಿದುಕೊಂಡು ಇಬ್ಬರೂ ಹೊರಟೆವು.

ಸಾಹೇಬರು ಜೀಪಿನಲ್ಲೇ ಕೂತರು, ನಾನು ಮೊದಲು ಮೇಲೆ ಹತ್ತಿ ಕೆರೆ ನೋಡಿಬಂದೆ. ಅರ್ಧ ಕೆರೆ ತುಂಬಿತ್ತು. ಪಕ್ಕದ ಬಾವಿಯಿಂದ ಹೆಂಗಸರು ಹರಟೆ ಹೊಡೆಯುತ್ತ ನೀರು ಸೇದುತ್ತಿದ್ದರು. ಹಳ್ಳದ ದಾರಿಯಲ್ಲಿ ಹುಲ್ಲು ಬೆಳೆದಿತ್ತು, ಕಾಲು ಸವೆಸುವವರು ಯಾರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಇಬ್ಬರೂ ದೇವಿಯ ದರ್ಶನಕ್ಕೆ ತಗ್ಗಿಗೆ ಇಳಿದೆವು. ಪತಾಕೆ ಇಲ್ಲ, ಹೂವಿಲ್ಲ, ಒಂದು ಬೆಳ್ಳಿ ಕಣ್ಣು ಬಿದ್ದುಹೋಗಿದೆ. ಕಲ್ಲಿಗೊಂದು ಮೇಕೆ ಕಟ್ಟಿದೆ. ಕಲ್ಲಿನ ಮೇಲೆ ಆರಾಮವಾಗಿ ಕೂತು ಆಜಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ.

ಸಾಹೇಬರನ್ನು ಕಂಡು ಅವರೇನೂ ಗಾಬರಿಯಾಗಲಿಲ್ಲ. ನಿಧಾನವಾಗಿ ಎದ್ದರು, ಮೇಕೆ ಬಿಚ್ಚಿದರು, ಸೆರಗಿನಿಂದ ಕಲ್ಲು ಒರೆಸಿ ಬೆಳ್ಳುಳ್ಳಿ ಸಿಪ್ಪೆ ಊದಿದರು. "ದೇವಿ ಈಗಷ್ಟೇ ಎದ್ದಳು ಸಾಯೇಬ. ಇಡು, ಏನು ತಂದಿದ್ದೀ?"

ಸಾಹೇಬರು ಪೇಡೆ ಇಟ್ಟು, ಕಣ್ಣು ಮುಚ್ಚಿ, ಕೈಮುಗಿದು ನಿಂತರು. ಆಜಿ ಒಂದು ಪೇಡೆ ಬಾಯಿಗೆ ಹಾಕಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಆಜಿ, ನಿಜ ಹೇಳಿ" ಎಂದು ಪಿಸುಗುಟ್ಟಿದೆ. "ಅವತ್ತು ದೇವಿ ಬಂದಿದ್ದಳಾ?"

"ನಾನು ಹೇಳಿದಾಗ ನೀವೆಲ್ಲ ಗಡಿಯಾರ ನೋಡಿದಿರಿ. ಕಲ್ಲು ಹೇಳಿದಾಗ ಬೂಟು ಬಿಚ್ಚಿದಿರಿ. ಇನ್ನು ಯಾರು ಬಂದಿದ್ದರು ಅಂತ ನೀನೇ ಲೆಕ್ಕ ಹಾಕು."

ಆಜಿ ಇನ್ನೊಂದು ಪೇಡೆ ತೆಗೆದುಕೊಂಡು ಜೀಪಿನ ಕಡೆ ಕಣ್ಣು ಹಾಯಿಸಿದರು.

"ಅದಿರಲಿ, ಆ ಬಣ್ಣದ ಡಬ್ಬಿ ಇನ್ನೂ ಇದೆಯಾ? ಮುಂದಿನ ವಾರ ರಸ್ತೆಯ ಸಾಯೇಬ ಬರುತ್ತಾನಂತೆ."